ಒರಳಿನ ಗುಂಡು ಹಗುರವಾದರೆ?

ವಿದ್ಯುತ್ತಿನ ಮಿಕ್ಸರು ಬರುವ ಮುನ್ನ ನಮ್ಮ ಅಡಿಗೆಮನೆಗಳ ಮೂಲೆಯಲ್ಲಿ ರುಬ್ಬುವ ಒರಳೊಂದು ಇದ್ದೇ ಇರುತ್ತಿತ್ತು. ಉದ್ದು ರುಬ್ಬುವಾಗ ಗುಂಡನ್ನು ಗಮನಿಸಿದವರು ಒಂದು ವಿಚಿತ್ರವನ್ನು ಕಂಡಿರಬಹುದು. ಕೈ ಸುತ್ತಿದಷ್ಟು ಸುತ್ತನ್ನು ಗುಂಡು ತನ್ನ ಸುತ್ತ ತಾನು ತಿರುಗುವುದಿಲ್ಲ. ಒರಳಿನ ಗೋಡೆಗೆ ಒರಗಿಕೊಂಡು, ಮೈಯನ್ನು ಸಾವಧಾನವಾಗಿ ಹೊರಳಿಸುತ್ತ, ತಾನು ಮಾತ್ರ ದೊಡ್ಡ ಸುತ್ತು ಹಾಕುತ್ತಿರುತ್ತದೆ. ಇದೇ ಬಗೆಯ ಚಲನೆಯಿಂದ ಮೋಟಾರು ಗಾಡಿಯನ್ನು ಓಡಿಸಬಹುದೆಂದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಮಹಾಶಯರು ಹಟ ಹಿಡಿದು ತೋರಿಸಿದರು. ಅವರು ಒರಳನ್ನು ಕಂಡಿದ್ದರೆಂದು ನಾನು ಹೇಳುತ್ತಿಲ್ಲ, ಹೋಲಿಕೆ ನನ್ನದು.

ಸಾಮಾನ್ಯ ಎಂಜಿನಿನಲ್ಲಿ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಪ್ರತಿಸಲವೂ ತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗಬೇಕು. ವಾಂಕೆಲರ ಎಂಜಿನಿನಲ್ಲಿ ಹಿಂದಿರುಗುವ ಮಾತೇ ಇಲ್ಲ. ನಡು ಸ್ವಲ್ಪ ಸಣ್ಣದಾದ ಎಂಟರ ಅಂಕೆಯಂಥ ಕವಚ. ಅದರೊಳಗೆ ಮೂರು ಮೂಲೆಗಳ, ಬದಿಗಳು ಉಬ್ಬಿದ ಒಂದು ತಿರುಗಣೆ. ಅದಕ್ಕೆ ರೋಟರು ಎಂದು ಹೆಸರು. ಮೂರು ಮೂಲೆಗಳೂ ಗೋಡೆಯನ್ನು ಸದಾ ಮುಟ್ಟಿಕೊಂಡೇ ಹೋಗುವುದರಿಂದ ಒಳಗೆ ಮೂರು ಕೋಣೆಗಳಾಗುತ್ತವೆ. ಒಂದರಲ್ಲಿ ಅನಿಲವನ್ನು ಹೀರುವ ಕೆಲಸ, ಇನ್ನೊಂದರಲ್ಲಿ ಒತ್ತಿ ಉರಿಸುವ ಕೆಲಸ, ಮತ್ತೊಂದರಲ್ಲಿ ಹೊಗೆ ಕಳೆಯುವ ಕೆಲಸ, ಎಲ್ಲವೂ ಏಕಕಾಲಕ್ಕೆ ನಡೆಯುತ್ತಿರುತ್ತವೆ. ರೋಟರು ಒಮ್ಮೆ ತಿರುಗುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಮುಗಿಸಿರುತ್ತದೆ.

1957ರ ಫೆಬ್ರವರಿಯಲ್ಲಿ ನೆಕರ್‌ಸುಲ್ಮ್ ಊರಿನ ಎನ್‌ಎಸ್‌ಯು ಕಾರ್ಖಾನೆಯಲ್ಲಿ ಮೊದಲ ಎಂಜಿನು ಓಡಿದಾಗ ರೋಟರಿನ ಜೊತೆಗೆ ಅದರ ಕವಚವೂ ತಿರುಗುತ್ತಿತ್ತು. ಪಾಷ್ಕೆ ಎಂಬ ಎಂಜಿನಿಯರರು ಕವಚವನ್ನು ನಿಲ್ಲಿಸಿ, ರೋಟರನ್ನು ಮಾತ್ರ ಒರಳಿನ ಗುಂಡಿನಂತೆ ಸುತ್ತಿಸಿದರು. ವಾಂಕೆಲರಿಗೆ ಇದು ಹಿಡಿಸಲಿಲ್ಲ. ನನ್ನ ಪಂದ್ಯದ ಕುದುರೆಯನ್ನು ನೇಗಿಲಿಗೆ ಕಟ್ಟಿದಿರಿ ಎಂದು ಅವರು ನೊಂದುಕೊಂಡರೆಂದು ಪ್ರತೀತಿ. ಆದರೆ ಲೋಕದಲ್ಲಿ ಉಳಿದುಕೊಂಡದ್ದು ನೇಗಿಲಿನ ಕುದುರೆಯೇ.

ಉಳಿದುಕೊಂಡಿತೆಂದರೆ ಸುಖವಾಗಿ ಉಳಿಯಿತೆಂದಲ್ಲ. 1967ರಲ್ಲಿ ಎನ್‌ಎಸ್‌ಯು ಹೊರತಂದ ರೊ 80 ಎಂಬ ಚೆಲುವಾದ ಕಾರಿನ ಎಂಜಿನುಗಳು ಒಂದಾದ ಮೇಲೊಂದು ಕೈಕೊಟ್ಟವು. ಈ ಕಾರಿನ ಮಾಲಿಕರು ದಾರಿಯಲ್ಲಿ ಎದುರಾದಾಗ ಕೈಬೀಸುವ ಬದಲು, ತಮ್ಮದು ಎಷ್ಟನೆಯ ಎಂಜಿನು ಎಂಬುದನ್ನು ಬೆರಳೆತ್ತಿ ತೋರಿಸುತ್ತಿದ್ದರೆಂದು ಕತೆಯುಂಟು. ಕೆಟ್ಟ ಎಂಜಿನುಗಳನ್ನು ಬದಲಿಸಿಕೊಡುವ ವೆಚ್ಚದಲ್ಲಿ ಬಳಲಿದ ಕಂಪನಿ 1969ರಲ್ಲಿ ಫೋಕ್ಸ್‌ವಾಗನ್ ಕುಟುಂಬದೊಳಗೆ ಸೇರಿಹೋಯಿತು.

ಅದೇ ಎಂಜಿನಿನ ಹಕ್ಕನ್ನು ಪಡೆದಿದ್ದ ಜಪಾನಿನ ಹಿರೋಷಿಮಾ ಪ್ರಾಂತದ ಮಾಜ್ದಾ ಕಂಪನಿಯವರು ಮಾತ್ರ ಕೈಬಿಡಲಿಲ್ಲ. ಕೆನಿಚಿ ಯಾಮಮೊಟೊ ಅವರ ಕೈಕೆಳಗೆ 47 ಜನ ಎಂಜಿನಿಯರರು ಕೆಲಸಕ್ಕೆ ಕುಳಿತರು. ಪರೀಕ್ಷೆಗಾಗಿ ಓಡಿಸಿದ ಎಂಜಿನನ್ನು ಬಿಚ್ಚಿದಾಗಲೆಲ್ಲ ಕವಚದ ಒಳಗೋಡೆಯ ಮೇಲೆ ಸಾಲುಸಾಲಾಗಿ ಗೀರುಗಳು ಕಾಣುತ್ತಿದ್ದವು. ಅವಕ್ಕೆ ಅವರಿಟ್ಟ ಹೆಸರು ಸೈತಾನನ ಉಗುರಿನ ಗುರುತುಗಳು ಎಂದು. ರೋಟರಿನ ಮೂಲೆಗಳಲ್ಲಿ ಕೂರಿಸಿದ ಲೋಹದ ಸೀಲು ಗೋಡೆಯ ಮೇಲೆ ಜಾರುವಾಗ ತಂತಿಯಂತೆ ಕಂಪಿಸಿ, ಗೋಡೆಯನ್ನು ಕುಟ್ಟುತ್ತಿತ್ತು. ಸೀಲಿನ ಮೈಯಲ್ಲಿ ಅಡ್ಡಲಾಗಿಯೂ ಉದ್ದಕ್ಕೂ ರಂಧ್ರಗಳನ್ನು ಕೊರೆದು, ಅದರ ಕಂಪನದ ಲಯವನ್ನೇ ಬದಲಿಸಿದಾಗ ಗೀರುಗಳು ಮಾಯವಾದವು. ಮುಂದೆ ಮಾರಾಟದ ಕಾರಿಗೆ ಅಲ್ಯುಮಿನಿಯಂ ಬೆರೆಸಿದ ಇಂಗಾಲದ ಸೀಲುಗಳು ಬಂದವು. 1967ರಲ್ಲಿ ಕಾಸ್ಮೊ ಕಾರು ಪೇಟೆಗೆ ಬಂತು. ಮರುವರ್ಷವೇ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಹಾದಿಯಲ್ಲಿ 84 ಗಂಟೆಗಳ ಪಂದ್ಯಕ್ಕೆ ಅದನ್ನು ಇಳಿಸಿದರು. ಅದು ನಾಲ್ಕನೆಯದಾಗಿ ಗುರಿ ಮುಟ್ಟಿತು.

ಭಾರ ಕಳೆದರೆ ಯಂತ್ರದ ನಡತೆಯೇ ಬದಲಾಗುತ್ತದೆಂಬ ಪಾಠ ಹೀಗೆ ಈ ಎಂಜಿನಿನ ಬಾಲ್ಯದಲ್ಲಿಯೇ ಕಲಿತದ್ದು. ಇಂದು ಅದೇ ಪಾಠವನ್ನು ರೋಟರಿಗೇ ಅನ್ವಯಿಸಹೊರಟವರಿದ್ದಾರೆ. ಮಾಜ್ದಾ ಕಂಪನಿ ಆರ್‌ಎಕ್ಸ್-7 ಕಾರನ್ನು 2002ರಲ್ಲಿಯೂ ಆರ್‌ಎಕ್ಸ್-8 ಕಾರನ್ನು 2012ರಲ್ಲಿಯೂ ನಿಲ್ಲಿಸಿತು. ಆದರೂ ಜಪಾನು, ಆಸ್ಟ್ರೇಲಿಯ, ನ್ಯೂಜಿಲೆಂಡು, ಪೋರ್ಟೊ ರಿಕೊ ಮೊದಲಾದೆಡೆ ಈ ಎಂಜಿನುಗಳನ್ನು ಪಂದ್ಯಕ್ಕಾಗಿ ಹದಗೊಳಿಸುವ ಹವ್ಯಾಸಿಗಳ ಸಂಖ್ಯೆ ಕಡಿಮೆಯಿಲ್ಲ. ಅವರಿಗೆಂದೇ ಹೊರಗಿನ ಕಾರ್ಖಾನೆಗಳು ಹಗುರವಾದ ರೋಟರುಗಳನ್ನು ಮಾಡಿ ಮಾರುತ್ತವೆ. ಕೆಲವು, ಮೂಲದ ಬೀಡುಕಬ್ಬಿಣದ ರೋಟರನ್ನೇ ಒಳಗೂ ಹೊರಗೂ ಕೆರೆದು ತೂಕ ಇಳಿಸಿದವು. ಕೆಲವು, ಅಲ್ಯುಮಿನಿಯಂ ದಿಮ್ಮಿಯಿಂದ ಇಡಿಯಾಗಿ ಕಡೆದವು. ಬೆಲೆಯೇನೂ ಹಗುರವಲ್ಲ. ಕೊಂಡವನು ಅದನ್ನು ತನ್ನ ಒಂದೇ ಒಂದು ಎಂಜಿನಿನೊಳಗೆ ಇಟ್ಟು ಪರೀಕ್ಷಿಸಬೇಕು. ಪರೀಕ್ಷೆ ತಪ್ಪಿದರೆ ಎಂಜಿನೇ ಹೋಯಿತು.

ಇಷ್ಟೊಂದು ಸಾಹಸ ಏತಕ್ಕೆ? ಒಂದು ಲೆಕ್ಕ ಹಾಕೋಣ. ಅಂಕಗಣಿತಕ್ಕೆ ಅಂಜುವವರು ಉತ್ತರವನ್ನು ಮಾತ್ರ ನೋಡಬಹುದು. ಮಾಜ್ದಾದ ಪ್ರಸಿದ್ಧವಾದ 13ಬಿ ಎಂಜಿನಿನಲ್ಲಿ ಎರಡು ರೋಟರುಗಳು. ಒಂದೊಂದರ ತೂಕವನ್ನು ಸುಮಾರು ನಾಲ್ಕೂವರೆ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ರೋಟರಿನ ಕೇಂದ್ರ ದಂಡದ ನಡುವಿನಿಂದ 15 ಮಿಲಿಮೀಟರು ದೂರದಲ್ಲಿ ಸುತ್ತುತ್ತದೆ. ದಂಡ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಆ ರೋಟರು ಕೇಂದ್ರಾಪಗಾಮಿ ಬಲದಿಂದ ತನ್ನ ಬೇರಿಂಗನ್ನು ಸುಮಾರು 4.8 ಟನ್ ಭಾರದಿಂದ ಒತ್ತುತ್ತಿರುತ್ತದೆ. ಕೈಯಲ್ಲಿ ಎತ್ತಬಹುದಾದ ವಸ್ತುವೊಂದು ತುಂಬಿದ ಲಾರಿಯಂತೆ ವರ್ತಿಸುತ್ತದೆಂದಾಯಿತು! ವೇಗ 10000 ಸುತ್ತಿಗೆ ಏರಿದರೆ ಭಾರ ಏಳೂವರೆ ಟನ್ನಾಗುತ್ತದೆ. ವೇಗ ಕಾಲು ಭಾಗ ಹೆಚ್ಚಿತು, ಭಾರ ಅರ್ಧಕ್ಕಿಂತ ಮಿಕ್ಕಿ ಹೆಚ್ಚಿತು. ಈ ಬಲ ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದೇ ಕಾರಣ. ಈಗ ರೋಟರಿನಿಂದ ಅರ್ಧ ಕಿಲೋ ಲೋಹವನ್ನು ಕೆರೆದು ತೆಗೆಯಿರಿ. ಅದೇ 10000 ಸುತ್ತಿನಲ್ಲಿ ಎಂಟುನೂರು ಕಿಲೋಗೂ ಮೀರಿದ ಒತ್ತಡ ಇಳಿದುಹೋಗುತ್ತದೆ. ಮೂರು ಕಿಲೋಗ್ರಾಮಿನ ರೋಟರು ದೊರೆತರಂತೂ ಭಾರ ಐದು ಟನ್ನಿಗೆ ಬರುತ್ತದೆ. ಹಳೆಯ ರೋಟರು 8000ದಲ್ಲಿ ಕೊಡುತ್ತಿದ್ದ ಕಷ್ಟಕ್ಕಿಂತ ತುಸುವೇ ಹೆಚ್ಚು.

ಬೇರಿಂಗಿನ ಕಷ್ಟವೊಂದೇ ಅಲ್ಲ. ಈ ಎಂಜಿನಿನ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಆಸರೆ, ನಡುವೆ ಬೇರಿಂಗಿಲ್ಲ. ಎರಡು ರೋಟರುಗಳೂ ಎದುರುಬದುರು ದಿಕ್ಕಿಗೆ ಎಳೆಯುವುದರಿಂದ ಒಟ್ಟು ಬಲ ಸರಿದೂಗಿದರೂ, ಎಳೆತಗಳು ಒಂದೇ ಜಾಗದಲ್ಲಿಲ್ಲದ ಕಾರಣ ದಂಡ ಬಾಗುತ್ತದೆ. ಕೂದಲೆಳೆಯಷ್ಟು ಬಾಗಿದರೂ ಸಾಕು, ರೋಟರು ಓರೆಯಾಗಿ ಅದರ ಮೂಲೆ ಪಕ್ಕದ ತಟ್ಟೆಯನ್ನು ಸವರುತ್ತದೆ. ಅನುಭವಿಗಳು ಪಂದ್ಯದ ರೋಟರಿನ ಬದಿಯ ಅಂಚುಗಳನ್ನು ಮುಂಚಿತವಾಗಿಯೇ ತುಸು ಕೆತ್ತಿಡುವುದು ಇದಕ್ಕಾಗಿ.

ಇಲ್ಲಿ ಒಂದು ಜನಪ್ರಿಯವಾದ ತಪ್ಪು ತಿಳಿವಳಿಕೆಯನ್ನು ಕದಲಿಸಲೇಬೇಕು. ಹಗುರ ರೋಟರನ್ನು ಹಾಕಿಸಿಕೊಂಡವರು ‘ಎಂಜಿನು ಈಗ ಮುಟ್ಟಿದರೆ ಚಿಮ್ಮುತ್ತದೆ’ ಎಂದು ಹೇಳಿಕೊಳ್ಳುವುದುಂಟು. ರೋಟರು ದಂಡದ ಮೂರನೆಯ ಒಂದು ಪಾಲು ವೇಗದಲ್ಲಿ ಮಾತ್ರ ತನ್ನ ಸುತ್ತ ತಿರುಗುವುದರಿಂದ, ಅದರ ತಿರುಗುವ ಜಡತ್ವ ದಂಡಕ್ಕೆ ಒಂಬತ್ತನೆಯ ಒಂದು ಪಾಲಾಗಿಯಷ್ಟೇ ತಟ್ಟುತ್ತದೆ. ಇದಕ್ಕೆ 15 ಮಿಲಿಮೀಟರಿನ ಸಣ್ಣ ಸುತ್ತಿನ ಜಡತ್ವವನ್ನು ಸೇರಿಸಿ ಅಂದಾಜು ಮಾಡಿದರೂ, ಎರಡೂ ರೋಟರುಗಳ ಪಾಲು ಕಾರ್ಖಾನೆಯ ಭಾರವಾದ ಫ್ಲೈವೀಲಿನ ಹತ್ತನೆಯ ಒಂದು ಪಾಲನ್ನು ಮುಟ್ಟುವುದೇ ಕಷ್ಟ. ಚಿಮ್ಮುವುದೇ ಬೇಕಾಗಿದ್ದರೆ ಫ್ಲೈವೀಲನ್ನು ಹಗುರ ಮಾಡಿಸಿ ಸುಮ್ಮನಾಗಬಹುದು, ಖರ್ಚೂ ಕಡಿಮೆ. ರೋಟರಿನ ಹಗುರತನಕ್ಕೆ ಅರ್ಥ ಬರುವುದು ಎಂಜಿನನ್ನು 9000ದ ಆಚೆಗೆ ಬಹಳ ಹೊತ್ತು ಓಡಿಸುವವನಿಗೆ ಮಾತ್ರ.

ಶಕ್ತಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಸ್ಥಿರವಾದ ವೇಗದಲ್ಲಿ ಓಡುವ ಎಂಜಿನಿಗೆ ಹಗುರ ರೋಟರು ತಾನಾಗಿ ಹೆಚ್ಚಿನ ಅಶ್ವಶಕ್ತಿಯನ್ನು ಕೊಡಲಾರದು. ಆದರೂ ಪರೀಕ್ಷೆಯ ಕಾಗದದಲ್ಲಿ ಗೆರೆ ಮೇಲೇರಿದ್ದನ್ನು ತೋರಿಸುವವರಿದ್ದಾರೆ. ಅದು ಯಾವ ಬಗೆಯ ಡೈನಮೋಮೀಟರಿನಲ್ಲಿ ಎಂದು ಮೊದಲು ಕೇಳಬೇಕು. ಭಾರವಾದ ಉರುಳೆಯೊಂದನ್ನು ಎಷ್ಟು ಬೇಗ ತಿರುಗಿಸಿತೆಂಬುದರಿಂದ ಶಕ್ತಿಯನ್ನು ಅಳೆಯುವ ಯಂತ್ರದಲ್ಲಿ ಜಡತ್ವ ಕಡಿಮೆಯಾದದ್ದೇ ಅಶ್ವಶಕ್ತಿಯ ವೇಷ ಹಾಕಿಕೊಂಡು ಬರುತ್ತದೆ. ಬ್ರೇಕು ಹಾಕಿ ಒಂದೇ ವೇಗದಲ್ಲಿ ಹಿಡಿದು ಅಳೆಯುವ ಯಂತ್ರದಲ್ಲಿ ಈ ವೇಷ ನಡೆಯುವುದಿಲ್ಲ. ಎರಡನೆಯದಾಗಿ, ರೋಟರಿನ ಮುಖದ ಮೇಲಿನ ತಗ್ಗು ಎಷ್ಟು ದೊಡ್ಡದೆಂಬುದರ ಮೇಲೆ ಒತ್ತುವಿಕೆಯ ಪ್ರಮಾಣ ನಿಂತಿದೆ. ಆರ್‌ಎಕ್ಸ್-7 ಕಾರಿನ ಕೊನೆಯ ಟರ್ಬೋ ಮಾದರಿಗೆ 9ಕ್ಕೆ 1ರ ಪ್ರಮಾಣ. ಅದಕ್ಕೂ ಹಿಂದಿನ, ಟರ್ಬೋ ಇಲ್ಲದ ಮಾದರಿಗೆ 9.7ಕ್ಕೆ 1. ಹೊಸ ರೋಟರಿನ ತಗ್ಗು ಹಳೆಯದರಂತಿಲ್ಲದಿದ್ದರೆ, ಹೋಲಿಸುತ್ತಿರುವುದು ತೂಕವನ್ನೋ ತಗ್ಗನ್ನೋ ಯಾರಿಗೂ ತಿಳಿಯದು.

ಆದ್ದರಿಂದ ಪ್ರಾಮಾಣಿಕ ಪರೀಕ್ಷಕ ಮೊದಲು ಹಳೆಯ ರೋಟರುಗಳಿಂದಲೇ ಎಂಜಿನನ್ನು ಓಡಿಸಿ ಅಳತೆಗಳನ್ನು ಬರೆದಿಡುತ್ತಾನೆ. ಬಳಿಕ ಎಂಜಿನನ್ನು ಬಿಚ್ಚಿ ಹಗುರವಾದವನ್ನು ಕೂರಿಸುತ್ತಾನೆ. ಕೂರಿಸುವ ಮುನ್ನ ಮುಂದಿನ ಮತ್ತು ಹಿಂದಿನ ಪ್ರತಿತೂಕಗಳನ್ನೂ ಹೊಸ ಭಾರಕ್ಕೆ ಹೊಂದಿಸಿ ಮತ್ತೆ ತೂಗಿಸಬೇಕು. ಇದನ್ನು ಮರೆತರೆ, ದಂಡವನ್ನು ಕಾಪಾಡಲೆಂದು ಕೊಂಡ ರೋಟರೇ ದಂಡವನ್ನು ಅಲುಗಾಡಿಸುತ್ತದೆ. ಅದೇ ಕವಚ, ಅದೇ ಕೀಲೆಣ್ಣೆ, ಅದೇ ನೀರಿನ ಬಿಸಿ. ಅಳತೆಗಳಾದ ಮೇಲೆ ಮೂರನೆಯ ಸಲ ಮತ್ತೆ ಹಳೆಯ ರೋಟರುಗಳು. ಈ ಮೂರನೆಯ ಸುತ್ತು ಬಹುಮಂದಿಗೆ ಬೇಸರ ತರುತ್ತದೆ. ಆದರೆ ಅಷ್ಟರಲ್ಲಿ ಕವಚ ಇನ್ನಷ್ಟು ಪಳಗಿ ನುಣುಪಾಗಿರುವುದರಿಂದ, ಲಾಭ ರೋಟರಿನದೋ ನುಣುಪಿನದೋ ಎಂಬುದು ಈ ಸುತ್ತಿಲ್ಲದೆ ಬಯಲಾಗುವುದಿಲ್ಲ.

ಅಲ್ಯುಮಿನಿಯಂ ರೋಟರಿನದು ಬೇರೆಯೇ ಒಂದು ಸಂಕಟ. ತೂಕದಲ್ಲಿ ಅದು ಬೀಡುಕಬ್ಬಿಣದ ಅರ್ಧಕ್ಕಿಂತಲೂ ಕಡಿಮೆಯಾದ ಲೋಹ. ಆದರೆ ಬಿಸಿಯಾದಾಗ ಅದರ ಎರಡರಷ್ಟು ಹಿಗ್ಗುತ್ತದೆ. 13ಬಿ ರೋಟರಿನ ಅಗಲ 80 ಮಿಲಿಮೀಟರು. ಬಿಸಿ 150 ಡಿಗ್ರಿ ಏರಿತೆನ್ನಿ: ಕಬ್ಬಿಣದ ರೋಟರು 0.13 ಮಿಲಿಮೀಟರು ಅಗಲವಾಗುತ್ತದೆ, ಅಲ್ಯುಮಿನಿಯಂ ರೋಟರು 0.27ನ್ನೂ ದಾಟುತ್ತದೆ. ಹೊರಗಿನ ಕವಚವೂ ಅಲ್ಯುಮಿನಿಯಮ್ಮೇ. ಆದರೆ ಅದು ನೀರಿನಿಂದ ತಣಿಯುವುದರಿಂದ 70 ಡಿಗ್ರಿಯಷ್ಟೇ ಏರಿ 0.13ರಷ್ಟು ಹಿಗ್ಗುತ್ತದೆಂದು ಎಣಿಸೋಣ. ಕಬ್ಬಿಣದ ರೋಟರು ಮತ್ತು ಅಲ್ಯುಮಿನಿಯಂ ಕವಚ ಹೀಗೆ ಗಂಡಹೆಂಡಿರಂತೆ ಹೊಂದಿಕೊಂಡು ಬೆಳೆಯುತ್ತವೆ. ಎರಡೂ ಬದಿಗಳನ್ನು ಕೂಡಿಸಿದರೆ ಇರುವ ಸಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು. ಅಲ್ಯುಮಿನಿಯಂ ರೋಟರು ಅದರ ಬಹುಭಾಗವನ್ನು ತಾನೇ ನುಂಗಿಬಿಡುತ್ತದೆ. ಸಿಕ್ಕಿಕೊಳ್ಳದಿರಲೆಂದು ಮೊದಲೇ ಸಂದನ್ನು ಹೆಚ್ಚಿಸಿದರೆ, ಎಂಜಿನು ತಣ್ಣಗಿರುವಾಗ ರೋಟರು ಅತ್ತಿತ್ತ ಜಗ್ಗುತ್ತದೆ. ಇದರ ಮೇಲೆ 200 ಡಿಗ್ರಿ ದಾಟಿದರೆ ಅಲ್ಯುಮಿನಿಯಮ್ಮಿನ ಕಸುವು ಕುಗ್ಗುವುದು, ಸೀಲು ಕೂರುವ ಗಾಡಿ ಬೇಗ ಸವೆಯುವುದು, ಇವೂ ಉಂಟು. ಕೆಲವೇ ನಿಮಿಷದ ಓಟಕ್ಕೆ ಮುಗಿಯುವ ಪಂದ್ಯದ ಕಾರಿಗೆ ಇವೆಲ್ಲ ಸಹ್ಯವಾಗಬಹುದು. ಮನೆಯವರನ್ನು ಕೂರಿಸಿಕೊಂಡು ದೂರದೂರಿಗೆ ಹೊರಡುವ ಕಾರಿಗೆ ಇದನ್ನು ಹಾಕುವುದನ್ನು ನಾನು ಒಪ್ಪಲಾರೆ. ಎಚ್ಚರದಿಂದ ಕೆರೆದು ಹಗುರಗೊಳಿಸಿದ ಕಬ್ಬಿಣದ ರೋಟರೇ ನನ್ನ ಆಯ್ಕೆ.

1991ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಪಂದ್ಯವನ್ನು ಗೆದ್ದ ಮಾಜ್ದಾ 787ಬಿ ಕಾರು ಇಲ್ಲಿ ನೆನಪಾಗುತ್ತದೆ. ನಾಲ್ಕು ರೋಟರುಗಳ, 700 ಅಶ್ವಶಕ್ತಿಯ ಎಂಜಿನು. ಆದರೂ ಅದನ್ನು 9000 ಸುತ್ತಿನ ಆಸುಪಾಸಿನಲ್ಲಿಯೇ ಹಿಡಿದಿಟ್ಟಿದ್ದರು. 362 ಸುತ್ತುಗಳ ಕೊನೆಯಲ್ಲಿ ಬಳಲಿಕೆಯಿಂದ ಗೌರವದ ವೇದಿಕೆಯನ್ನೇರಲಾರದೆ ಹೋದವರು ಚಾಲಕ ಜಾನಿ ಹರ್ಬರ್ಟ್. ಎಂಜಿನಿಗೆ ಏನೂ ಆಗಿರಲಿಲ್ಲ.

ಡೈನಮೋಮೀಟರಿನ ಮೇಲೆ ಹತ್ತು ಸೆಕೆಂಡು ಕೂಗಿಸಿದ ಮಾತ್ರಕ್ಕೆ ರೋಟರಿನ ಗುಣ ತಿಳಿಯದಿರುವುದು ಇದಕ್ಕೇ. ಗಂಟೆಗಟ್ಟಲೆ ಓಡಿಸಿ, ಬಿಚ್ಚಿ, ಬೇರಿಂಗಿನ ಮೇಲ್ಪದರ ಸವೆದು ಒಳಗಿನ ತಾಮ್ರದ ಬಣ್ಣ ಎಲ್ಲಿ ಇಣುಕುತ್ತಿದೆಯೆಂದು ನೋಡಬೇಕು. ಪಕ್ಕದ ತಟ್ಟೆಗಳ ಮೇಲೆ ಮೂಲೆ ಸವರಿದ ಗುರುತು ಉಂಟೇ ಎಂದು ದೀಪ ಹಿಡಿದು ಹುಡುಕಬೇಕು. ಹಳೆಯ ಎಂಜಿನುಗಳ ತಟ್ಟೆ, ಕವಚಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿರುವಾಗ ಪ್ರತಿಯೊಂದು ಗುರುತೂ ದುಬಾರಿಯದು. ಬಿಚ್ಚುವ ಮುನ್ನ ಮಾಡಬಹುದಾದ ಸುಲಭದ ಪರೀಕ್ಷೆಯೂ ಒಂದಿದೆ. ಬೆಂಕಿ ಹೊತ್ತದಂತೆ ಮಾಡಿ, ಒಂದು ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಸ್ಟಾರ್ಟರಿನಿಂದ ಎಂಜಿನನ್ನು ಸುತ್ತಿಸುತ್ತ ಆ ತೂತಿನ ಬಳಿ ಕಿವಿಗೊಡುವುದು. ರೋಟರಿನ ಮೂರು ಮುಖಗಳೂ ಸರಿಯಿದ್ದರೆ ಉಸಿರು ಬಿಟ್ಟಂತೆ ಸಮನಾದ ಮೂರು ಸದ್ದು, ಮತ್ತೆ ಮೂರು, ಮತ್ತೆ ಮೂರು ಕೇಳಿಸುತ್ತವೆ. ಮೂರರಲ್ಲಿ ಒಂದು ಕುಗ್ಗಿತೆಂದರೆ ಒಂದು ಬದಿಯ ಸೀಲು ಹೋಗಿದೆ. ಎರಡು ಒಟ್ಟಿಗೆ ಕುಗ್ಗಿದರೆ, ಅವೆರಡರ ನಡುವಿನ ಮೂಲೆಯ ಸೀಲನ್ನು ಸಂದೇಹಿಸಬೇಕು.