ಗ್ರಾಫಿಕ್ಸ್ ಕಾರ್ಡು: ಈಗಲೇ ಬದಲಿಸಬೇಕೆ?

ಕಂಪ್ಯೂಟರ್ ಆಟದ ಗ್ರಾಫಿಕ್ಸ್ ಕಾರ್ಡಿನ ವಿಚಾರ ಈ ಅಂಕಣಕ್ಕೆ ತಕ್ಕುದೇ ಎಂದು ಹುಬ್ಬೇರಿಸುವ ಹಿರಿಯರು ಇರಬಹುದು. ಆದರೆ ಮನೆಯ ತಿಂಗಳ ಖರ್ಚಿಗೆ ಸರಿಗಟ್ಟುವ ಬೆಲೆಯ ವಸ್ತುವೊಂದಕ್ಕಾಗಿ ಮಕ್ಕಳು ಹಟ ಹಿಡಿದಿರುವಾಗ ಅದರ ಸಾಧಕ ಬಾಧಕಗಳನ್ನು ಅರಿಯುವುದು ಹಿರಿಯರಿಗೂ ಅಗತ್ಯವೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆ ತೀವ್ರಗೊಂಡದ್ದು 2025ರ ಅಕ್ಟೋಬರಿನಲ್ಲಿ. 2016ರಲ್ಲಿ ಬಂದು ಬಹಳ ಜನಪ್ರಿಯವಾದ ಜಿ.ಟಿ.ಎಕ್ಸ್. 1060ರ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಒದಗಿಸುವುದನ್ನು ಎನ್ವಿಡಿಯಾ ಕಂಪೆನಿ ಆಗ ನಿಲ್ಲಿಸಿತು. ಅದೇ ತಿಂಗಳ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಇವೆರಡನ್ನೂ ಬೆರೆಸಿ, ಹಳೆಯ ಕಾರ್ಡು ಇನ್ನು ಕೆಲಸಕ್ಕೆ ಬಾರದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಆ ಕಾರ್ಡುಗಳಿಗೆ ಸುರಕ್ಷತೆಯ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೆ ದೊರೆಯುವುದಾಗಿ ಕಂಪೆನಿಯೇ ಹೇಳಿದೆ. ವ್ಯಾಲೊರಂಟಿನಂತಹ ಆಟಗಳು ಅವುಗಳಲ್ಲಿ ಸಲೀಸಾಗಿ ನಡೆಯುತ್ತವೆ. ನಡೆಯದಿರುವುದು 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್, 2025ರ ಮೇ ತಿಂಗಳ ಡೂಮ್ ಮುಂತಾದವು. ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ಪ್ರತ್ಯೇಕ ಅಂಗವೇ ಇಲ್ಲದ ಕಾರ್ಡನ್ನು ಅವು ಒಪ್ಪುವುದಿಲ್ಲ. ಆದುದರಿಂದ ಹುಡುಗ ಆಡುವ ಆಟ ಯಾವುದೆಂಬುದೇ ಮೊದಲ ಪ್ರಶ್ನೆ.

ಸ್ವಲ್ಪ ಕಾದರೆ ಬೆಲೆ ಇಳಿಯಲಾರದೆ ಎಂಬುದು ಎರಡನೆಯದು. 2021ರ ಅಭಾವದ ಕಾಲದಲ್ಲಿ ಕಾದವರು ಗೆದ್ದರೆಂಬುದು ನಿಜ. ಆಗ ಕಾರ್ಡುಗಳನ್ನು ನುಂಗುತ್ತಿದ್ದುದು ಡಿಜಿಟಲ್ ನಾಣ್ಯದ ಗಣಿಗಾರಿಕೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿದೊಡನೆ ಆ ಬೇಡಿಕೆ ಕುಸಿಯಿತು. ಈಗಿನ ಸ್ಥಿತಿ ಬೇರೆ. 2022ರ ಜನವರಿಗೆ ಮುಗಿದ ವರ್ಷದಲ್ಲಿ ಎನ್ವಿಡಿಯಾದ 2,691 ಕೋಟಿ ಡಾಲರು ವರಮಾನದಲ್ಲಿ ಆಟದ ವಿಭಾಗದ ಪಾಲು 1,246 ಕೋಟಿ, ಎಂದರೆ ಹತ್ತಿರ ಹತ್ತಿರ ಅರ್ಧ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಒಟ್ಟು ವರಮಾನ 13,050 ಕೋಟಿಗೆ ಏರಿತು, ಆಟದ ಪಾಲು ಮಾತ್ರ 1,135 ಕೋಟಿಗೆ ಇಳಿಯಿತು. ಉಳಿದುದರಲ್ಲಿ ಬಹುಪಾಲು ಬಂದುದು ಕೃತಕ ಬುದ್ಧಿಮತ್ತೆಗಾಗಿ ದತ್ತಾಂಶ ಕೇಂದ್ರಗಳನ್ನು ಕಟ್ಟುವವರಿಂದ. ಮನೆಯಲ್ಲಿ ಆಡುವ ಹುಡುಗ ಈ ಕಂಪೆನಿಗೆ ಇಂದು ದೊಡ್ಡ ಗಿರಾಕಿಯಲ್ಲ! ಮೆಮೊರಿ ಚಿಪ್ಪುಗಳ ಕಥೆಯೂ ಇದೇ. ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನು ಮುಚ್ಚುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಹೀಗಿರಲು, ಬೇಕೇಬೇಕಾದ ಕಾರ್ಡನ್ನು ಬೆಲೆ ಇಳಿಕೆಯ ಆಸೆಯಿಂದ ಮುಂದೂಡುವುದರಲ್ಲಿ ಹೆಚ್ಚಿನ ಲಾಭವಿದೆಯೆಂದು ನಮಗೆ ತೋರುವುದಿಲ್ಲ. ಆದರೆ 12 ಜಿ.ಬಿ. ಮೆಮೊರಿಯ ಆರ್.ಟಿ.ಎಕ್ಸ್. 3060 ಇರುವವರು ಆತುರಪಡಬೇಕಾಗಿಲ್ಲ. 2021ರ ಆ ಕಾರ್ಡಿಗೆ ಇನ್ನೂ ಕಸುವಿದೆ.

ಕೊಳ್ಳಲೇಬೇಕಾದವರು ಮೆಮೊರಿಯತ್ತ ಗಮನ ಕೊಡಲಿ. 2025ರಲ್ಲಿ ಬಂದ 5060 ಟಿ.ಐ. ಕಾರ್ಡಿನಲ್ಲಿ 8 ಜಿ.ಬಿ.ಯದೂ 16 ಜಿ.ಬಿ.ಯದೂ ಎರಡು ಬಗೆ ಇವೆ, ಹೆಸರು ಒಂದೇ. ಬಿಡುಗಡೆಯ ವೇಳೆ ಕಂಪೆನಿ ಹೇಳಿದ ಬೆಲೆಗಳು 379 ಮತ್ತು 429 ಡಾಲರು. ಆ 50 ಡಾಲರಿನ ಅಂತರಕ್ಕಾಗಿ ಚಿಕ್ಕದನ್ನು ಆರಿಸುವುದು ಉಳಿತಾಯವಲ್ಲ, ಏಕೆಂದರೆ ಕಾರ್ಡಿನ ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ. ಇನ್ನೊಂದು ಸಂಗತಿ: ಈ ಕಾರ್ಡುಗಳು ಮದರ್‌ಬೋರ್ಡಿನೊಡನೆ 16ರ ಬದಲು 8 ದಾರಿಗಳಲ್ಲಿ ಮಾತ್ರ ವ್ಯವಹರಿಸುತ್ತವೆ. ಹಳೆಯ ಬೋರ್ಡಿನಲ್ಲಿ ಆ ದಾರಿಗಳೂ ನಿಧಾನ. 8 ಜಿ.ಬಿ. ತುಂಬಿ ತುಳುಕಿದಾಗ ಹೊರೆಯೆಲ್ಲ ಅವುಗಳ ಮೇಲೆಯೇ ಬಿದ್ದು ಆಟ ಮುಗ್ಗರಿಸುತ್ತದೆ.

ಗಲ್ಫಿನಲ್ಲಿರುವ ಬಂಧುಗಳಿಂದ ತರಿಸುವ ಯೋಚನೆ ನಮ್ಮ ಕಡೆ ಸಹಜ. ಇಲ್ಲಿ ಶೇ. 18 ಜಿ.ಎಸ್.ಟಿ., ದುಬೈಯಲ್ಲಿ ತೆರಿಗೆ ಶೇ. 5. ಆದರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯುವುದೇ ಎಂದು ತರಿಸುವ ಮುನ್ನವೇ ಕೇಳಿ ತಿಳಿಯಬೇಕು.

ಇಷ್ಟೆಲ್ಲಕ್ಕಿಂತ ಮೊದಲು ಹಣ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡು ಶೇ. 95ಕ್ಕೂ ಮೇಲೆ ದುಡಿಯುತ್ತಿದ್ದರೆ ಅದೇ ಸೋತಿದೆಯೆಂದು ಅರ್ಥ. ಅದು ಶೇ. 60ರಲ್ಲಿ ಆರಾಮವಾಗಿದ್ದೂ ಆಟ ತಡವರಿಸುತ್ತಿದ್ದರೆ ದೋಷ ಬಹುಶಃ ಪ್ರೊಸೆಸರಿನದು. ಎಷ್ಟೇ ಬೆಲೆಯ ಹೊಸ ಕಾರ್ಡು ತಂದರೂ ಆ ತಡವರಿಕೆ ಹಾಗೆಯೇ ಉಳಿಯುತ್ತದೆ.