ಪವರ್ ಯಾರದು?

ನಮ್ಮ ಕಡೆ ಅಕ್ಷರ ಬಾರದವರೂ ಬಳಸುವ ಇಂಗ್ಲಿಷ್ ಪದ ಪವರ್. ಮಾನ್ವಿಯ ಕನ್ನಡಕದ ಅಂಗಡಿಯಲ್ಲಿ ಅದು ಗಾಜಿನ ನಂಬರು. ಔಷಧಿ ಅಂಗಡಿಯಲ್ಲಿ ಗುಳಿಗೆಯ ಕಸುವು. ನೋಂದಣಿ ಕಚೇರಿಯಲ್ಲಿ 'ಪವರ್ ಬರೆದುಕೊಟ್ಟ' ಎಂದರೆ ಆಸ್ತಿ ವ್ಯವಹಾರದ ಅಧಿಕಾರಪತ್ರ. ದೇವದುರ್ಗದ ಹೊಲದಲ್ಲಿ 'ಪವರ್ ಬಂತಾ?' ಎಂದರೆ ಪಂಪ್‌ಸೆಟ್ಟಿನ ಕರೆಂಟು. ಚುನಾವಣೆ ಬಂದಾಗ ಅದೇ ಪದಕ್ಕೆ ಕುರ್ಚಿ ಎಂಬ ಅರ್ಥ.

ಕನ್ನಡದಲ್ಲಿ ವಿದ್ಯುತ್ ಬೇರೆ, ಅಧಿಕಾರ ಬೇರೆ. ಎರಡಕ್ಕೂ ಒಂದೇ ಪದ ಬಳಸುವುದು ಗೊಂದಲ ಎನ್ನುತ್ತಾರೆ ಭಾಷಾಶುದ್ಧಿಯ ಪಂಡಿತರು. ರಾಯಚೂರಿನವರಿಗೆ ಮಾತ್ರ ಇದು ಗೊಂದಲವಲ್ಲ, ಕಣ್ಣಾರೆ ಕಂಡ ಸತ್ಯ. ಅಧಿಕಾರ ಇದ್ದಲ್ಲಿಗೇ ಬೆಳಕು ಹರಿಯುತ್ತದೆ!

ಶಕ್ತಿನಗರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮುಂದೆ ಅದು ಎಂಟು ಘಟಕಗಳ 1720 ಮೆಗಾವಾಟ್ ಸ್ಥಾವರವಾಯಿತು. ಯರಮರಸ್‌ನಲ್ಲಿ 1600 ಮೆಗಾವಾಟ್‌ನ ಇನ್ನೊಂದು ಬಂತು. ನಾಡಿಗೆಲ್ಲ ಕರೆಂಟು ಕೊಟ್ಟ ಜಿಲ್ಲೆಯ ಪಾಲಿಗೆ ಉಳಿದದ್ದೇನು? ಹಾರುಬೂದಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ 371(ಜೆ) ಜಾರಿಯಾಗಿ ಹುದ್ದೆ, ಸೀಟುಗಳಲ್ಲಿ ಮೀಸಲಾತಿ ದೊರೆಯಿತು. ಒಳ್ಳೆಯದೇ. ಆದರೆ ನಮ್ಮ ನೀರು, ಬೆಳಕು, ಬೂದಿಯ ಬಗ್ಗೆ ನಿರ್ಧರಿಸುವ ಪವರ್ ನಮಗೆ ದೊರೆಯಿತೇ?

ಮತ ಹಾಕುವುದೆಂದರೂ ಪವರ್ ಬರೆದುಕೊಡುವುದೇ. ಬರೆದುಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ನಾವು ಬರೆದುಕೊಡುತ್ತಲೇ ಬಂದಿದ್ದೇವೆ. ಲೆಕ್ಕ ಕೇಳುವುದು ಯಾವಾಗ?