ವಾಪಸ್ ಬರುವಾಗಲೂ ಅದು ಅಲ್ಲೇ ಇತ್ತು



ಮೊದಲು ನನ್ನ ತಪ್ಪನ್ನೇ ಹೇಳಿಕೊಂಡುಬಿಡುತ್ತೇನೆ. ಕಾರ್ತೀಕದ ಒಂದು ಬೆಳಿಗ್ಗೆ ತುಮಕೂರಿನ ನಮ್ಮ ಬಡಾವಣೆಯಿಂದ ಹಾಲಿಗೆ ಹೊರಟಿದ್ದೆ. ರಿಂಗ್ ರಸ್ತೆಯ ಡಿವೈಡರ್ ಪಕ್ಕದಲ್ಲಿ ಕಂದು ಬಣ್ಣದ ನಾಯಿಯೊಂದು ಮಲಗಿತ್ತು. ಮಲಗಿದ್ದಲ್ಲ, ಬಿದ್ದಿತ್ತು. ಹಿಂಗಾಲೊಂದು ತನ್ನದಲ್ಲವೇನೋ ಎನ್ನುವ ಹಾಗೆ ಒಂದು ಕಡೆ ಹೊರಳಿಕೊಂಡಿತ್ತು. ನೋಡಿದೆ, ‘ಪಾಪ’ ಅಂದೆ, ಮುಂದೆ ಹೋದೆ. ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು, ಪೇಪರಿನವನ ಹತ್ತಿರ ನಾಲ್ಕು ಮಾತಾಡಿ, ಇಪ್ಪತ್ತು ನಿಮಿಷದ ಮೇಲೆ ವಾಪಸ್ ಬಂದರೆ ಅದು ಅಲ್ಲೇ ಇತ್ತು. ಕೂಗುತ್ತಿರಲಿಲ್ಲ. ಹೋಗುವ ಬರುವ ಗಾಡಿಗಳ ಚಕ್ರವನ್ನೇ ನೋಡುತ್ತಿತ್ತು. ಕಾರುಗಳು, ಸ್ಕೂಟರುಗಳು, ಶಾಲೆಯ ವ್ಯಾನು, ಎಲ್ಲವೂ ಅದನ್ನು ಬಳಸಿಕೊಂಡು ಹೋಗುತ್ತಿದ್ದವು. ಯಾರೂ ಅದರ ಮೇಲೆ ಹತ್ತಿಸುತ್ತಿರಲಿಲ್ಲ, ಯಾರೂ ನಿಲ್ಲುತ್ತಲೂ ಇರಲಿಲ್ಲ. ನಮ್ಮೆಲ್ಲರ ದಯೆ ಅಷ್ಟಕ್ಕೇ ಮುಗಿದಿತ್ತು.

ನಾನು ನಿಂತದ್ದು ದೊಡ್ಡ ಮನಸ್ಸಿನಿಂದಲ್ಲ. ಎರಡನೇ ಸಲವೂ ದಾಟಿಹೋಗಲು ನಾಚಿಕೆಯಾಯಿತು, ಅಷ್ಟೆ. ನಿಂತ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೈಯಲ್ಲಿ ಹಾಲಿನ ಚೀಲ, ಎದುರಿಗೆ ನರಳುವ ನಾಯಿ. ಅಷ್ಟರಲ್ಲಿ ಆಟೋದ ಹುಡುಗನೊಬ್ಬ ಪಕ್ಕಕ್ಕೆ ತಂದು ನಿಲ್ಲಿಸಿದ. “ಸಾರ್, ಸೀಟಿನ ಕೆಳಗೆ ಗೋಣಿಚೀಲ ಐತೆ. ನೀವು ಆ ಕಡೆ ಹಿಡ್ಕೊಳ್ಳಿ, ನಾನು ಈ ಕಡೆ” ಅಂದ. ಅವನಿಗೆ ಆ ಹೊತ್ತು ಬಾಡಿಗೆಯ ಹೊತ್ತು. ಎರಡು ಗಂಟೆ ನಮ್ಮ ಜೊತೆಗಿದ್ದು, ಮೀಟರಿನ ದುಡ್ಡನ್ನೂ ಮುಟ್ಟದೆ ಹೋದ.

ಪಶುವೈದ್ಯರು ಎಕ್ಸ್‌ರೇ ನೋಡಿ ಹೇಳಿದ್ದು ಇಷ್ಟೇ: “ಕಾಲು ಉಳಿಯಲ್ಲ, ನಾಯಿ ಉಳಿಯುತ್ತೆ.” ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ನಾಯಿಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಹೊರುವುದು ಮುಂಗಾಲುಗಳೇ. ಹಿಂಗಾಲೊಂದು ಹೋದರೆ ಕೆಲವು ವಾರಗಳಲ್ಲಿ ಮೂರರಲ್ಲೇ ಓಡುವುದನ್ನು ಅದು ಕಲಿತುಬಿಡುತ್ತದೆ. ಕಳೆದುಹೋದ ಕಾಲನ್ನು ನೆನೆದು ಕೊರಗುವುದು ಮನುಷ್ಯರ ಕಾಯಿಲೆಯಂತೆ. ಅವರು ಹೇಳಿದ್ದು ನಿಜವಾಯಿತು. ಇವತ್ತು ಆ ನಾಯಿ ನಮ್ಮ ಗೇಟಿನ ಒಳಗೆ ಮಲಗಿದೆ. ಬೀದಿಯ ಮಕ್ಕಳು ಇಟ್ಟ ಹೆಸರು ಮುಕ್ಕಾಲಿ. ಎದುರುಮನೆಯ ಅಜ್ಜಿ ಮಾತ್ರ ಒಪ್ಪುವುದಿಲ್ಲ. “ಅದರ ಚುರುಕು ನೋಡಿದ್ರೆ ಮುಕ್ಕಾಲಲ್ಲ ಕಣಪ್ಪ, ಒಂದೂಕಾಲು” ಅನ್ನುತ್ತಾರೆ.

ಕಥೆ ಸುಖಾಂತವಾಯಿತೆಂದು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ನಡುವೆ ನಡೆದ ಒಂದು ಸಂಗತಿ ನನ್ನನ್ನು ಇನ್ನೂ ಚುಚ್ಚುತ್ತಿದೆ. ಹೊಲಿಗೆ ಬಿಚ್ಚಿದ ದಿನ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಹಾಕಿ, ಯಾರಾದರೂ ಸಾಕಿಕೊಳ್ಳುತ್ತೀರಾ ಎಂದು ಕೇಳಿದೆ. ಅರವತ್ತಕ್ಕೂ ಹೆಚ್ಚು ಮಂದಿ ಕೈಮುಗಿದ ಚಿತ್ರ, ಅಳುವ ಮುಖ, ಕೆಂಪು ಹೃದಯ ಕಳಿಸಿದರು. ಬಂದು ನೋಡಿದವರು ಒಬ್ಬರೂ ಇಲ್ಲ. ನಮ್ಮಲ್ಲಿ ಮರುಕಕ್ಕೆ ಬರವಿಲ್ಲ, ನಿಲ್ಲುವವರು ಕಡಿಮೆ. ನನ್ನ ಮನವಿ ಅದರ ಬಗ್ಗೆಯೇ.

ನಿಲ್ಲದಿರಲು ನಮಗಿರುವ ಕಾರಣಗಳು ಸುಳ್ಳೇನಲ್ಲ. ಮೊದಲನೆಯದು ಕಚ್ಚೀತೆಂಬ ಭಯ. ಈ ಭಯ ಇರಲೇಬೇಕು. ನೋವಿನಲ್ಲಿರುವ ನಾಯಿ ತನ್ನನ್ನು ಸಾಕಿದವರನ್ನೂ ಕಚ್ಚಬಲ್ಲದು. ಆದ್ದರಿಂದ ನೇರವಾಗಿ ಹೋಗಿ ತಲೆ ಸವರಬೇಡಿ. ಹಿಂದೆ ಬರುವ ಗಾಡಿಗಳಿಗೆ ಕೈ ತೋರಿಸಿ, ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಮೆಲ್ಲಗೆ ಮಾತಾಡುತ್ತ ಪಕ್ಕದಿಂದ ಬನ್ನಿ. ದುಪಟ್ಟವನ್ನೋ ಟವೆಲ್ಲನ್ನೋ ಉದ್ದಕ್ಕೆ ಮಡಚಿ ಮೂತಿಗೆ ಸುತ್ತಿ, ಕಿವಿಯ ಹಿಂದೆ ಸಡಿಲವಾಗಿ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಒದ್ದಾಡುತ್ತಿದ್ದರೆ, ಮೂತಿಗೆ ಪೆಟ್ಟಾಗಿದ್ದರೆ ಕಟ್ಟಲೇಬಾರದು. ಕಾಲು ಹಿಡಿದು ಎತ್ತಬೇಡಿ, ಎಳೆಯಬೇಡಿ. ಬೆನ್ನುಮೂಳೆಗೆ ಏಟಾಗಿದ್ದರೆ ಆ ಎಳೆತದಲ್ಲೇ ಉಳಿದದ್ದೂ ಕೆಡುತ್ತದೆ. ಹಲಗೆಯೋ, ದಪ್ಪ ರಟ್ಟೋ, ಬೆಡ್‌ಶೀಟೋ, ನಮಗೆ ಸಿಕ್ಕಿದಂತೆ ಗೋಣಿಚೀಲವೋ, ಅದರ ಮೇಲೆ ಸರಿಸಿಕೊಂಡು ಇಬ್ಬರು ಎತ್ತಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡುವ ಚಪಲ ಬೇಡ.

ಮನೆಮದ್ದಿನ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಗಾಯಕ್ಕೆ ಸುಣ್ಣ, ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಹುಳ ಬಿದ್ದ ಗಾಯಕ್ಕೆ ಫಿನಾಯಿಲ್ ಹಾಕುವ ಅಭ್ಯಾಸ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ನಮ್ಮ ಜ್ವರದ ಪ್ಯಾರಾಸಿಟಮಾಲ್, ಕೀಲುನೋವಿನ ಐಬುಪ್ರೊಫೇನ್ ಮಾತ್ರೆ ಅದಕ್ಕೆ ಕೊಡಬೇಡಿ. ಇವು ನಾಯಿಯ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವ ಮುನ್ನ ಹಾಲು, ಬಿಸ್ಕತ್ತು ತಿನ್ನಿಸುವುದೂ ಬೇಡ.

ಕಚ್ಚಿದರೆ, ಪರಚಿದರೆ, ಅದರ ಜೊಲ್ಲು ನಿಮ್ಮ ಗಾಯಕ್ಕೆ ತಾಗಿದರೆ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ, ಎಲ್ಲ ಡೋಸುಗಳನ್ನೂ ಮುಗಿಸಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅದಕ್ಕೂ ಮೊದಲು ತಡೆಯುವ ದಾರಿ ಖಂಡಿತ ಇದೆ. ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದು, ದನಿ ಬದಲಾಗಿ, ಕಂಡಕಂಡದ್ದಕ್ಕೆಲ್ಲ ಬಾಯಿ ಹಾಕುವ ನಾಯಿಯ ಹತ್ತಿರ ನೀವು ಹೋಗಲೇಬೇಡಿ. ದೂರ ನಿಂತು ಪಾಲಿಕೆಗೆ ತಿಳಿಸಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ.

ಎರಡನೆಯ ಕಾರಣ, ಎಲ್ಲಿಗೆ ಒಯ್ಯುವುದು, ಯಾರಿಗೆ ಹೇಳುವುದು ಎಂಬ ಗೊಂದಲ. 1962 ಎಂಬ ನಾಲ್ಕು ಅಂಕಿಯನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅದು ಪಶುಚಿಕಿತ್ಸೆಯ ಸಹಾಯವಾಣಿ. ಅದರ ವಾಹನಗಳು ಮುಖ್ಯವಾಗಿ ರೈತರ ದನಕರುಗಳಿಗಾಗಿ ಇರುವಂಥವು. ನಿಮ್ಮ ಬೀದಿಗೆ ಬಾರದಿದ್ದರೆ ಹತ್ತಿರದ ಪಶು ಆಸ್ಪತ್ರೆಯನ್ನಾದರೂ ಕೇಳಿ ತಿಳಿಯಿರಿ. ಬೆಂಗಳೂರಿನವರಿಗೆ ನಗರಾಡಳಿತದ 1533 ಇದೆ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ ಮೊದಲಾದ ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ, ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ನಿಮ್ಮೂರಿನದು ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ ಎಂಬುದನ್ನು ಬಿಡುವಾಗಿದ್ದಾಗಲೇ ನೋಡಿಟ್ಟುಕೊಳ್ಳಿ. ನಾನು ನೋಡಿಟ್ಟುಕೊಂಡಿರಲಿಲ್ಲ. ಒಂದು ಕಡೆ ಬಾಗಿಲು ತೆಗೆದಿರಲಿಲ್ಲ, ಇನ್ನೊಂದು ಕಡೆ ‘ಬೀದಿನಾಯಿ ನೋಡಲ್ಲ’ ಅಂದರು. ಮೂರನೆಯ ಬಾಗಿಲು ತೆರೆಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು.

ಮೂರನೆಯದು ದುಡ್ಡು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂಳೆ ಮುರಿದ ನಾಯಿಗೆ ಖಾಸಗಿಯಲ್ಲಿ ಸಾವಿರಗಟ್ಟಲೆ ಆಗುತ್ತದೆ. ಒಬ್ಬರೇ ಹೊರಬೇಕೆಂದಿಲ್ಲ. ನಮ್ಮ ಬೀದಿಯ ಗಣೇಶೋತ್ಸವದ ಚೀಟಿ ಪುಸ್ತಕ ಹಿಡಿದು ಓಡಾಡಿದ ಹುಡುಗರೇ ಮುಕ್ಕಾಲಿಗೂ ಮನೆಮನೆಗೆ ಹೋದರು. ಐವತ್ತು, ನೂರು, ಇನ್ನೂರು ಎಂದು ಕೂಡಿದ ಹಣದಲ್ಲೇ ಬಹುಪಾಲು ಖರ್ಚು ಕಳೆಯಿತು. ವಾಟ್ಸಾಪಿನಲ್ಲಿ ಕೈಮುಗಿದಿದ್ದವರೂ ಬಾಗಿಲಿಗೆ ಹೋದರೆ ಇಲ್ಲವೆನ್ನಲಿಲ್ಲ.

ಎಲ್ಲ ನಾಯಿಯೂ ಬದುಕುವುದಿಲ್ಲ ಎಂಬ ಸತ್ಯಕ್ಕೂ ಸಿದ್ಧರಾಗಿರಿ. ಕೆಲವು ದಾರಿಯಲ್ಲೇ ಹೋಗುತ್ತವೆ. ಕೆಲವಕ್ಕೆ ನೋವಿಲ್ಲದ ಸಾವು ಕೊಡುವುದೇ ಸರಿ ಎಂದು ವೈದ್ಯರು ಹೇಳಬಹುದು. ಡಾಂಬರಿನ ಮೇಲೆ ಬಿಸಿಲಲ್ಲಿ ಮೂರು ದಿನ ಸಾಯುವುದಕ್ಕೂ ಒಂದು ಕೈ ತಲೆಯ ಮೇಲಿದ್ದಾಗ ಸಾಯುವುದಕ್ಕೂ ವ್ಯತ್ಯಾಸವಿದೆ. ಅಂಥ ದಿನವೂ ನೀವು ನಿಂತದ್ದು ವ್ಯರ್ಥವಲ್ಲ.

“ಮನುಷ್ಯರಿಗೇ ಗತಿಯಿಲ್ಲ, ನಾಯಿಗೆಲ್ಲಿಂದ?” ಎನ್ನುವವರಿದ್ದಾರೆ. “ಬೀದಿನಾಯಿ ಕಚ್ಚಿ ಮಕ್ಕಳು ಸಾಯುತ್ತಿರುವಾಗ ಇದೇನು ಕನಿಕರ?” ಎನ್ನುವವರೂ ಇದ್ದಾರೆ. ಈ ಎರಡನೆಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. 2023ರ ಎಣಿಕೆಯಂತೆ ಬೆಂಗಳೂರು ಒಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಮಗುವಿನ ಕೈ ಹಿಡಿದು ನಡೆವ ತಾಯಿಗೆ ಭಯವಾಗುವುದು ಸಹಜ. ಆದರೆ ಗಾಯಗೊಂಡ ನಾಯಿಯನ್ನು ಹಾಗೆಯೇ ಬಿಟ್ಟರೆ ಆ ಭಯ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ನೋವಿನ ನಾಯಿ ಮೂಲೆ ಹಿಡಿದು ಹತ್ತಿರ ಬಂದವರನ್ನು ಕಚ್ಚುತ್ತದೆ. ಆಸ್ಪತ್ರೆ ಕಂಡ ನಾಯಿಗೆ ಲಸಿಕೆ ಬೀಳುತ್ತದೆ, ಸಂತಾನಹರಣವೂ ಆಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ತಿರುಳೂ ಇದೇ. ನಿಮ್ಮ ಬೀದಿಯ ನಾಯಿಯ ಕಿವಿಯ ತುದಿಯಲ್ಲಿ ಕಚ್ಚು ಹಾಕಿದ ಗುರುತಿದೆಯೇ ನೋಡಿ. ಇದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಕಾರ್ತೀಕದಲ್ಲಿ ಗಂಡುನಾಯಿಗಳು ಹೆಣ್ಣಿನ ಹಿಂದೆ ರಸ್ತೆ ದಾಟಿ ಓಡಿ ಚಕ್ರಕ್ಕೆ ಸಿಕ್ಕುವುದನ್ನು ಎಲ್ಲರೂ ಕಂಡಿದ್ದೇವೆ. ಸಂತಾನಹರಣ ಆ ಅಪಘಾತವನ್ನೂ ತಗ್ಗಿಸುತ್ತದೆ.

ಇನ್ನು ಬೇಕೆಂದೇ ಹೊಡೆದು, ಕಾದ ಎಣ್ಣೆ ಎರಚಿ ಗಾಯ ಮಾಡುವವರ ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗಿರುವ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ಅಂಗ ಊನ ಮಾಡುವುದು ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಕಣ್ಣಾರೆ ಕಂಡರೆ ವಿಡಿಯೊ ಹರಿಯಬಿಟ್ಟು ಸುಮ್ಮನಾಗಬೇಡಿ. ಠಾಣೆಗೆ ಹೋಗಿ ದೂರು ಬರೆದುಕೊಡಿ.

ಈಗ ಮನೆಯ ಮಾತಿಗೆ ಬರುತ್ತೇನೆ. ಚಿಕಿತ್ಸೆಯಾದ ನಾಯಿಯ ಕಷ್ಟ ನಿಜವಾಗಿ ಶುರುವಾಗುವುದು ಆಸ್ಪತ್ರೆಯಿಂದ ಹೊರಬಂದ ದಿನ. ಮೂರು ಕಾಲಿನ ನಾಯಿ, ಒಂದು ಕಣ್ಣಿನ ನಾಯಿ ಮತ್ತೆ ಅದೇ ರಸ್ತೆಯಲ್ಲಿ ಎಷ್ಟು ದಿನ ಬಾಳೀತು? ನಾವು ‘ಕಂತ್ರಿ ನಾಯಿ’ ಎಂದು ಇದನ್ನು ಹಳಿಯುತ್ತೇವೆ, ಹತ್ತಿಪ್ಪತ್ತು ಸಾವಿರ ಕೊಟ್ಟು ‘ಜಾತಿ ನಾಯಿ’ ತರುತ್ತೇವೆ. ಹಿಮದ ನಾಡಿನ ದಪ್ಪ ತುಪ್ಪಳದ ಹಸ್ಕಿಯನ್ನು ರಾಯಚೂರಿನ ಬಿಸಿಲಲ್ಲಿ ಕಟ್ಟಿಹಾಕುತ್ತೇವೆ. ಕಂತ್ರಿ ನಾಯಿ ಈ ಮಣ್ಣಿನ ಬಿಸಿಲು ಮಳೆಗೆ ಹೊಂದಿಕೊಂಡದ್ದು. ಅನ್ನ, ಮೊಸರು, ರಾಗಿಮುದ್ದೆ, ಮೊಟ್ಟೆ ಎಂದು ಮನೆಯಲ್ಲಿರುವುದರಲ್ಲೇ ಅದರ ಊಟವೂ ನಡೆಯುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಕೊಡಬಾರದು.

ಆದರೆ ಮರುಕ ಉಕ್ಕಿದ ಗಳಿಗೆಯಲ್ಲಿ ನಿರ್ಧಾರ ಮಾಡಬೇಡಿ. ನಾಯಿ ಹತ್ತು ಹನ್ನೆರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತದೆ. ವರ್ಷ ವರ್ಷ ರೇಬೀಸ್ ಲಸಿಕೆ, ಉಣ್ಣೆ ಕಾಟಕ್ಕೆ ಔಷಧಿ, ದಿನಾ ಎರಡು ಹೊತ್ತು ನಡಿಗೆ, ನೀವು ಊರಿಗೆ ಹೋದಾಗ ನೋಡಿಕೊಳ್ಳುವವರು, ಇವೆಲ್ಲ ಬೇಕು. ಮನೆಯವರೆಲ್ಲ ಒಪ್ಪಬೇಕು. ನನ್ನಾಕೆ ಮೊದಲು “ಮೂರು ಕಾಲಿನ ನಾಯಿ ಮನೆ ಕಾಯುತ್ತಾ?” ಎಂದು ಕೇಳಿದ್ದಳು. ‘ನಾವು ಅದನ್ನು ಕಾಯೋಣ’ ಎಂದು ಒಪ್ಪಿಸಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಬೇಕಾಗಿತ್ತು. ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದಿದೆ. ಸಾಕಿ ಬೇಸರವಾದಾಗ ಹೆದ್ದಾರಿಯಲ್ಲಿ ಇಳಿಸಿ ಬರುವುದು ಚಕ್ರ ಹತ್ತಿಸುವುದಕ್ಕಿಂತ ಸಣ್ಣ ಕ್ರೌರ್ಯವೇನಲ್ಲ.

ಸಾಕಲಾರದವರೂ ಎಷ್ಟೋ ಮಾಡಬಹುದು. ಹೊಲಿಗೆ ಒಣಗುವ ಹದಿನೈದು ದಿನ ಕಾರ್ ಶೆಡ್ಡಿನ ಒಂದು ಮೂಲೆ ಕೊಡಿ. ಆಸ್ಪತ್ರೆಗೆ ಗಾಡಿ ಕೊಡಿ. ಗಾಡಿ ಹೊರಡಿಸುವ ಮುನ್ನ ಬಗ್ಗಿ ಅಡಿಯಲ್ಲಿ ನೋಡಿ. ನೆರಳಿಗೆಂದು ಮಲಗಿದ ಮರಿ ಅಲ್ಲಿರಬಹುದು. ನಿಮ್ಮ ಬೀದಿಯ ನಾಯಿಗಳ ಕೊರಳಿಗೆ ರಾತ್ರಿ ಮಿನುಗುವ ಪಟ್ಟಿ ಹಾಕಿಸಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತು ಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲನ್ನು ನೋಡಿ ಬನ್ನಿ. ಮದ್ದೂರು ಸೀಮೆಯಲ್ಲಿ ಸಿಕ್ಕಿದ, ಹತ್ತನೆಯ ಶತಮಾನದ ಶಾಸನ ಅದು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ದೊರೆ ಬೇಕಾದ್ದನ್ನು ಬೇಡು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ನಾಯಿಗೆ ವೀರಗಲ್ಲು ನೆಟ್ಟ ನಾಡು ನಮ್ಮದು. ಇವತ್ತಿನ ನಾಯಿಗೆ ಕಲ್ಲು ಬೇಡ, ಒಂದು ಗೋಣಿಚೀಲ ಸಾಕು. ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಈಗ ಒಂದು ಯಾವಾಗಲೂ ಇರುತ್ತದೆ. ನಿಮ್ಮ ಗಾಡಿಯಲ್ಲೂ ಒಂದಿರಲಿ.

ನಾಳೆ ಬೆಳಿಗ್ಗೆ ಹಾಲಿಗೋ ಕೆಲಸಕ್ಕೋ ಹೊರಟಾಗ ರಸ್ತೆಯ ಬದಿಯಲ್ಲಿ ಅಂಥದೊಂದು ಕಂಡರೆ ದಯವಿಟ್ಟು ಹೋಗುವಾಗಲೇ ನಿಲ್ಲಿ. ವಾಪಸ್ ಬರುವವರೆಗೂ ಅದು ಕಾಯುವಂತೆ ಮಾಡಬೇಡಿ.